ಕೋಟೆ ಹೈಸ್ಕೂಲ್ ಮೈದಾನದ ಕೇಳುಗರು: ನನ್ನ ತಾಯಿಯ ನೆನಪುಗಳಿಂದ

(ಹಾಸನದಲ್ಲಿ ಸಂಗೀತಾಸಕ್ತರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಬೆಂಗಳೂರಿನ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವದ ವಿಷಯ ಬಂದಾಗಲೆಲ್ಲ ನಾವು ಮೊದಲು ಹೇಳುವುದು ಅಲ್ಲಿ ಹಾಡಿದವರ ಮತ್ತು ನುಡಿಸಿದವರ ಹೆಸರುಗಳನ್ನು. 1939ರಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾಯರು ಚಾಮರಾಜಪೇಟೆಯಲ್ಲಿ ಹುಟ್ಟುಹಾಕಿದ ಆ ಸಂಸ್ಥೆಯು ಕೋಟೆ ಹೈಸ್ಕೂಲ್ ಮೈದಾನದಲ್ಲಿ ಚಪ್ಪರ ಹಾಕಿಸಿ, ಚೆಂಬೈ ವೈದ್ಯನಾಥ ಭಾಗವತರ್, ಸೆಮ್ಮಂಗುಡಿ ಶ್ರೀನಿವಾಸ ಅಯ್ಯರ್, ಎಂ.ಎಸ್. ಸುಬ್ಬುಲಕ್ಷ್ಮಿ, ಬಾಲಮುರಳಿಕೃಷ್ಣ, ಭೀಮಸೇನ ಜೋಶಿ ಮೊದಲಾದವರನ್ನು ಸಾವಿರಾರು ಜನರ ಎದುರು ಕೂರಿಸಿದ್ದು ಸಣ್ಣ ಸಾಧನೆಯಲ್ಲ. ಆ ಪಟ್ಟಿಯ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಈ ಸಂಜೆ ನಾನು ಮಾತನಾಡಬೇಕೆಂದಿರುವುದು ವೇದಿಕೆಯ ಎದುರಿಗೆ ಕೂತವರನ್ನು ಕುರಿತು. ಸಂಗೀತಗಾರನನ್ನು ಗುರು ತಯಾರು ಮಾಡುತ್ತಾನೆ. ಕೇಳುಗನನ್ನು ಯಾರು ತಯಾರು ಮಾಡುತ್ತಾರೆ ಎಂಬ ಪ್ರಶ್ನೆಯನ್ನು ನಾವು ಹೆಚ್ಚಾಗಿ ಕೇಳಿಕೊಳ್ಳುವುದಿಲ್ಲ. ಆ ಚಪ್ಪರವು ಒಂದಿಡೀ ತಲೆಮಾರಿನ ಕೇಳುಗರನ್ನು ತಯಾರು ಮಾಡಿತೆಂಬುದು ನನ್ನ ನಂಬಿಕೆ. ಅದಕ್ಕೆ ನನ್ನ ಬಳಿ ಇರುವ ಸಾಕ್ಷಿ ನನ್ನ ತಾಯಿ.

ಅಮ್ಮನ ತವರು ಅರಕಲಗೂಡು ತಾಲ್ಲೂಕಿನ ಕೊಣನೂರು. ಕಾವೇರಿಯ ದಡದಲ್ಲೇ ಇರುವ ರುದ್ರಪಟ್ಟಣ ಅಲ್ಲಿಂದ ದೂರವೇನಲ್ಲ. ಸಂಕೇತಿ ಬ್ರಾಹ್ಮಣ ಮನೆತನಗಳ ಆ ಊರಿನಲ್ಲಿ ಸಂಗೀತವು ಮನೆಮನೆಯ ವಿದ್ಯೆಯಾಗಿತ್ತೆಂಬುದು ಈ ಸಭೆಯಲ್ಲಿರುವವರಿಗೆ ನಾನು ಹೇಳಬೇಕಾದ ಸಂಗತಿಯಲ್ಲ. ಗಾಯಕ ಆರ್.ಕೆ. ಶ್ರೀಕಂಠನ್ ಅವರು 1920ರಲ್ಲಿ ಹುಟ್ಟಿದ್ದು ಅಲ್ಲಿಯೇ. ವೀಣೆಯ ದೊರೆಸ್ವಾಮಿ ಅಯ್ಯಂಗಾರ್ ಅವರು ಹುಟ್ಟಿದ್ದೂ ಅದೇ ವರ್ಷ, ಇದೇ ಜಿಲ್ಲೆಯಲ್ಲಿ. ಇಬ್ಬರೂ ಮೈಸೂರಿನಲ್ಲಿ ಬೆಳೆದರು, ಇಬ್ಬರೂ ಬೆಂಗಳೂರು ಆಕಾಶವಾಣಿಯಲ್ಲಿ ದುಡಿದರು, ಇಬ್ಬರೂ ಕೋಟೆ ಹೈಸ್ಕೂಲಿನ ವೇದಿಕೆಯನ್ನು ಹತ್ತಿದರು. ಹಾಸನ ಜಿಲ್ಲೆಯು ಆ ಉತ್ಸವಕ್ಕೆ ಕೊಟ್ಟದ್ದೇನೆಂದು ಕೇಳಿದರೆ ಈ ಎರಡು ಹೆಸರುಗಳು ಸಾಕು. ಜಿಲ್ಲೆಯು ಅಲ್ಲಿಂದ ಪಡೆದದ್ದೇನೆಂಬುದನ್ನು ಮಾತ್ರ ಯಾರೂ ಬರೆದಿಟ್ಟಿಲ್ಲ, ಏಕೆಂದರೆ ಪಡೆದವರು ನನ್ನ ತಾಯಿಯಂಥವರು. ಅವರು ಯಾವ ವೇದಿಕೆಯನ್ನೂ ಹತ್ತಲಿಲ್ಲ. ಮನೆಯೊಳಗೆ ದೇವರ ಮುಂದೆ ಹಾಡಿದ್ದನ್ನು ಬಿಟ್ಟರೆ ಹೊರಗೆಲ್ಲೂ ಹಾಡಲೂ ಇಲ್ಲ.

ಅಮ್ಮನ ಸೋದರತ್ತೆಯ ಮನೆ ಚಾಮರಾಜಪೇಟೆಯಲ್ಲಿತ್ತು. ಪರೀಕ್ಷೆ ಮುಗಿದ ಕೂಡಲೇ ಹುಡುಗಿಯನ್ನು ಅಲ್ಲಿಗೆ ಕಳುಹಿಸುವುದು ವಾಡಿಕೆಯಾಗಿತ್ತು, ಮತ್ತು ರಾಮನವಮಿಯು ಬರುವುದೂ ಆ ಹೊತ್ತಿಗೇ. ಇಂದು ಹಾಸನದಿಂದ ಬೆಂಗಳೂರಿಗೆ ಹೋಗುವವರಿಗೆ ಆ ಪ್ರಯಾಣದ ಅಂದಾಜು ಸಿಗುವುದು ಕಷ್ಟ. ಶ್ರವಣಬೆಳಗೊಳ, ಕುಣಿಗಲ್ ಮೂಲಕ ಹೋಗುವ ನೇರ ರೈಲು ಮಾರ್ಗ ಪೂರ್ಣಗೊಂಡದ್ದು 2017ರಲ್ಲಿ. ಆ ಕಾಲದಲ್ಲಿ ಕೊಣನೂರಿನಿಂದ ಬಸ್ಸಿನಲ್ಲಿ ಹಾಸನಕ್ಕೆ ಬಂದು, ಹಾಸನದಿಂದ ಮೀಟರ್ ಗೇಜ್ ರೈಲಿನಲ್ಲಿ ಅರಸೀಕೆರೆಗೆ ಹೋಗಿ, ಅಲ್ಲಿ ಹುಬ್ಬಳ್ಳಿ ಕಡೆಯಿಂದ ಬರುವ ಗಾಡಿಗಾಗಿ ಕಾದು, ತಿಪಟೂರು, ತುಮಕೂರು ದಾಟಿ ಬೆಂಗಳೂರು ಸೇರಬೇಕಿತ್ತು. ನಿಲ್ದಾಣದಿಂದ ಜಟಕಾ ಗಾಡಿಯಲ್ಲಿ ಚಾಮರಾಜಪೇಟೆ. ಅಜ್ಜ ಜೊತೆಯಲ್ಲಿ ಬಂದು, ಮಗಳನ್ನು ತಂಗಿಯ ಕೈಗೊಪ್ಪಿಸಿ, ಒಂದು ದಿನ ಕಛೇರಿ ಕೇಳಿ, ಮರುದಿನ ಗದ್ದೆ ಕೆಲಸವೆಂದು ಹಿಂದಿರುಗುತ್ತಿದ್ದರಂತೆ. ಆ ಒಂದು ದಿನ ಯಾರ ಕಛೇರಿಗೆ ಬೀಳಬೇಕೆಂಬುದನ್ನು ಅಂಚೆಯಲ್ಲಿ ಬಂದ ಆಹ್ವಾನ ಪತ್ರಿಕೆಯನ್ನು ನೋಡಿ ಮೊದಲೇ ಗೊತ್ತುಮಾಡಿಕೊಳ್ಳುತ್ತಿದ್ದರೆಂದು ಅಮ್ಮ ಹೇಳುತ್ತಾರೆ. ಬಿತ್ತನೆ, ಮದುವೆ, ಕೋರ್ಟು ಎಲ್ಲವನ್ನೂ ಮುಂದಕ್ಕೆ ಹಾಕಬಹುದಿತ್ತು, ಸೆಮ್ಮಂಗುಡಿಯವರ ಕಛೇರಿಯ ದಿನವನ್ನು ಹಾಕುವಂತಿರಲಿಲ್ಲ.

ಮೈದಾನದ ಸುತ್ತಮುತ್ತಲಿನ ಜಾಗ ಇಂದಿಗೂ ಗುರುತು ಸಿಗುವಂತಿದೆ: ಟಿಪ್ಪುವಿನ ಅರಮನೆ, ಕೋಟೆ ವೆಂಕಟರಮಣಸ್ವಾಮಿ ದೇವಸ್ಥಾನ, ಅದರಾಚೆ ವಿಕ್ಟೋರಿಯಾ ಆಸ್ಪತ್ರೆ, ಇನ್ನೊಂದು ದಿಕ್ಕಿನಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆಯ ಗದ್ದಲ. ಅಷ್ಟು ಗದ್ದಲದ ಪಕ್ಕದಲ್ಲಿ ವಾರಗಟ್ಟಲೆ ಪ್ರತಿ ಸಂಜೆ ಸಾವಿರಾರು ಜನ ಮೂರು ನಾಲ್ಕು ಗಂಟೆಗಳ ಕಾಲ ಕದಲದೆ ಕೂರುತ್ತಿದ್ದರೆಂಬುದೇ ಒಂದು ವಿಸ್ಮಯ. ಮುಂದಿನ ಸಾಲುಗಳಲ್ಲಿ ಟಿಕೆಟ್ಟಿನವರ ಕುರ್ಚಿಗಳು. ಹಿಂದೆ ನೆಲದ ಮೇಲೆ ಜಮಖಾನೆ. ಬದಿಯಲ್ಲಿ ಹೆಂಗಸರು ಮಕ್ಕಳು. ಅತ್ತೆ ಮನೆಯಿಂದಲೇ ಒಂದು ಚಾಪೆ, ನೀರಿನ ಚೊಂಬು, ಮಲ್ಲಿಗೆ ದಂಡೆ, ಹಸಿವಾದರೆ ಇರಲೆಂದು ಒಂದಿಷ್ಟು ಚಕ್ಕುಲಿ ಹಿಡಿದು, ಹೊತ್ತಿಗೆ ಮುಂಚೆಯೇ ಹೋಗಿ ಜಾಗ ಹಿಡಿಯುತ್ತಿದ್ದರು. ರಾಮನವಮಿಯ ದಿನ ಪಾನಕ, ಕೋಸಂಬರಿ, ನೀರುಮಜ್ಜಿಗೆ ಇರುತ್ತಿತ್ತೆಂಬುದನ್ನು ಬೇರೆ ಹೇಳಬೇಕಿಲ್ಲ.

ಈಗ ನಾನು ಮುಖ್ಯವೆಂದು ತಿಳಿದಿರುವ ವಿಷಯಕ್ಕೆ ಬರುತ್ತೇನೆ. ಅಮ್ಮ ಸಂಗೀತವನ್ನು ಕ್ರಮವಾಗಿ ಕಲಿತವರಲ್ಲ. ಸರಳೆ, ಜಂಟಿ, ಅಲಂಕಾರಗಳೆಂಬ ಆರಂಭದ ಅಭ್ಯಾಸಗಳಷ್ಟು ಪಾಠವಾಗಿ, ಕೆಲವು ಗೀತೆಗಳಾಗುವ ಹೊತ್ತಿಗೆ ಅದು ನಿಂತುಹೋಯಿತು. ಹೀಗಿದ್ದರೂ ಇಂದು ಆಲಾಪನೆಯ, ಅಂದರೆ ಕೃತಿಗೆ ಮೊದಲು ಸಾಹಿತ್ಯವಿಲ್ಲದೆ ರಾಗವನ್ನು ಬೆಳೆಸುವ ಭಾಗದ, ಮೊದಲ ಎರಡು ಮೂರು ಸಂಚಾರಗಳಲ್ಲಿ ಅವರು ರಾಗವನ್ನು ಹೇಳಬಲ್ಲರು. ದೂರದಿಂದ ನಡಿಗೆ ನೋಡಿಯೇ ಇವರು ಇಂಥವರ ಮನೆಯವರೆಂದು ಹಳ್ಳಿಯಲ್ಲಿ ಹೇಳುತ್ತೇವಲ್ಲ, ಹಾಗೆ. ಇದು ಹೇಗೆ ಬಂತೆಂದು ನಾನು ಬಹಳ ಸಲ ಕೇಳಿದ್ದೇನೆ. ಅವರ ಉತ್ತರ ಪ್ರತಿ ಸಲವೂ ಅತ್ತೆಯ ಕಡೆಗೆ ಹೋಗುತ್ತದೆ.

ಅತ್ತೆಯ ಕ್ರಮ ಹೀಗಿತ್ತು. ಆಲಾಪನೆ ಶುರುವಾದಾಗ ಯಾರೂ ರಾಗದ ಹೆಸರನ್ನು ಬಾಯಿಬಿಟ್ಟು ಹೇಳಕೂಡದು. ತನಗೆ ಬರುವ ಒಂದು ಕೃತಿಯ ಪಲ್ಲವಿಯನ್ನು ಮನಸ್ಸಿನೊಳಗೇ ಆ ಆಲಾಪನೆಯ ಪಕ್ಕದಲ್ಲಿಟ್ಟು ನೋಡಬೇಕು. ಅಮ್ಮನಿಗೆ ಕಲ್ಯಾಣಿ ರಾಗದ ಕೀಲಿಕೈ ತ್ಯಾಗರಾಜರ ‘ನಿಧಿ ಚಾಲ ಸುಖಮಾ’. ಹಾಡುತ್ತಿರುವುದಕ್ಕೆ ಅದು ಹೊಂದಿಕೊಂಡರೆ ಕಲ್ಯಾಣಿ. ಮಧ್ಯಮದ ಹತ್ತಿರ ಬಂದಾಗ ಇನ್ನೊಂದು ದಾರಿ ಹಿಡಿದರೆ ಅದು ಶಂಕರಾಭರಣವಿರಬಹುದು. ಇವೆರಡರ ನಡುವೆ ವ್ಯತ್ಯಾಸವಿರುವುದು ಒಂದೇ ಸ್ವರದಲ್ಲಿ, ಒಂದರದು ಪ್ರತಿ ಮಧ್ಯಮ, ಇನ್ನೊಂದರದು ಶುದ್ಧ ಮಧ್ಯಮ ಎಂಬ ಶಾಸ್ತ್ರ ಅವರಿಗೆ ತಿಳಿದದ್ದು ವರ್ಷಗಳ ನಂತರ. ಕಿವಿಗೆ ಅದು ಮೊದಲೇ ತಿಳಿದಿತ್ತು. ಕೃತಿ ಆರಂಭವಾಗಿ ಸಾಹಿತ್ಯ ಕೇಳಿಸಿದಾಗ ಊಹೆ ಸರಿಯೋ ತಪ್ಪೋ ಎಂದು ಗೊತ್ತಾಗುತ್ತಿತ್ತು. ಚರ್ಚೆಯೇನಿದ್ದರೂ ರಾತ್ರಿ ಮನೆಗೆ ನಡೆದು ಹೋಗುವಾಗ. ಆರಭಿ ಮತ್ತು ದೇವಗಾಂಧಾರಿ, ದರ್ಬಾರ್ ಮತ್ತು ನಾಯಕಿ ಎಂಬ ತೊಡಕಿನ ಜೋಡಿಗಳು ಹಾಗೆ ಚಾಮರಾಜಪೇಟೆಯ ರಸ್ತೆಗಳಲ್ಲಿ ನಡೆಯುತ್ತ ನಡೆಯುತ್ತ ಬಿಡಿಸಿಕೊಂಡವಂತೆ. "ಕೇಳ್ತಾ ಕೇಳ್ತಾ ತಾನಾಗೇ ಬರುತ್ತೆ ಕಣೆ, ಆದ್ರೆ ದಿನಾ ಕೇಳ್ಬೇಕು" ಎನ್ನುತ್ತಾರೆ ಅಮ್ಮ.

ಈ ಮಾತಿನಲ್ಲಿ ನನಗೆ ತೂಕವಾಗಿ ಕಾಣುವುದು ಕೊನೆಯ ಭಾಗ. ವರ್ಷಕ್ಕೆ ಒಂದು ಒಳ್ಳೆಯ ಕಛೇರಿ ಕೇಳಿದವನಿಗೆ ಆನಂದವಾಗುತ್ತದೆ, ಕಿವಿ ಹದಗೊಳ್ಳುವುದಿಲ್ಲ. ಈ ವಾರ ಒಬ್ಬರು ಹಾಡಿದ ತೋಡಿ ರಾಗವನ್ನು ಮುಂದಿನ ವಾರ ಇನ್ನೊಬ್ಬರು ವೀಣೆಯಲ್ಲಿ ನುಡಿಸಿದಾಗ, ಮತ್ತೊಂದು ವಾರ ಮೂರನೆಯವರು ಅದನ್ನೇ ಕಛೇರಿಯ ಅತಿ ವಿಸ್ತಾರದ ಭಾಗವಾದ ರಾಗ, ತಾನ, ಪಲ್ಲವಿಗೆ ಆರಿಸಿಕೊಂಡಾಗ ಮಾತ್ರ ರಾಗವು ಹಾಡುವವರಿಂದ ಬೇರೆಯಾಗಿ ತನ್ನದೇ ರೂಪದಲ್ಲಿ ಕೇಳುಗನಿಗೆ ಪರಿಚಯವಾಗುತ್ತದೆ. ಸಂಗೀತ ಶಾಲೆಯೊಂದರಲ್ಲಿ ಪಾಠ ಕಲಿಯುವ ವಿದ್ಯಾರ್ಥಿಗೆ ಸಿಗುವುದು ಒಬ್ಬ ಗುರುವಿನ ತೋಡಿ. ರಾಮನವಮಿಯ ಚಪ್ಪರದಲ್ಲಿ ಕೂತ ಕೊಣನೂರಿನ ಹುಡುಗಿಗೆ ಸಿಕ್ಕಿದ್ದು ದಕ್ಷಿಣದ ಅತ್ಯುತ್ತಮ ವಿದ್ವಾಂಸರ ತೋಡಿಗಳು, ಒಂದರ ಪಕ್ಕದಲ್ಲಿ ಒಂದು. ಉತ್ಸವದ ದೈರ್ಘ್ಯವೇ ಅದರ ಪಾಠಕ್ರಮವಾಗಿತ್ತು.

ತಾಳವೂ ಹೀಗೆಯೇ. ಆದಿತಾಳದ ಎಂಟು ಅಕ್ಷರ, ಒಂದು ಲಘು ಎರಡು ದ್ರುತ, ಎಲ್ಲರೂ ತೊಡೆಯ ಮೇಲೆ ಹಾಕುತ್ತಿದ್ದುದರಿಂದ ಅದು ನೋಡಿಯೇ ಬಂತು. ಏಳು ಎಣಿಕೆಯ ಮಿಶ್ರಛಾಪು ತಾಳವನ್ನು ಹಿಡಿಯಲು ಹೆಚ್ಚು ದಿನ ಬೇಕಾಯಿತು. ತನಿ ಆವರ್ತನದ, ಅಂದರೆ ತಾಳವಾದ್ಯದವರು ಮಾತ್ರ ನುಡಿಸುವ ಭಾಗದ ಬಗ್ಗೆ ಅತ್ತೆಯದು ಕಟ್ಟುನಿಟ್ಟಿನ ನಿಯಮ: ಮೃದಂಗದವರಿಗೆ ತನಿ ಬಿಟ್ಟ ಮೇಲೆ ಏಳುವಂತಿಲ್ಲ, ಮಾತಾಡುವಂತಿಲ್ಲ, ಚಕ್ಕುಲಿ ತೆಗೆಯುವಂತಿಲ್ಲ. ಇಂದು ಸಭೆಗಳಲ್ಲಿ ತನಿ ಶುರುವಾದ ಕೂಡಲೇ ಕಾಫಿಗೆ ಏಳುವವರನ್ನು ನೋಡಿದಾಗ ಅಮ್ಮನ ಮುಖ ಬಾಡುತ್ತದೆ. ಮೂರು ಗಂಟೆ ಗಾಯಕರ ನೆರಳಿನಲ್ಲಿ ಕೂತು ನುಡಿಸಿದವರಿಗೆ ಸಿಗುವ ಒಂದು ಹೊತ್ತಿನಲ್ಲಿ ಎದ್ದು ಹೋಗುವುದು ಅನ್ಯಾಯವೆಂಬ ಅವರ ಅಭಿಪ್ರಾಯ ನನ್ನದೂ ಹೌದು.

ವಾದ್ಯಗಳ ವಿಷಯದಲ್ಲಿ ಅಮ್ಮನ ನೆನಪು ಇನ್ನೂ ಸ್ಪಷ್ಟ. ಅವರು ತೀರ ಚಿಕ್ಕವರಿದ್ದಾಗ ಮೈಸೂರು ಟಿ. ಚೌಡಯ್ಯನವರನ್ನು ಕೇಳಿದ್ದಾರೆ. ಧ್ವನಿವರ್ಧಕವಿಲ್ಲದ ಕಾಲದ ಸಭೆಗಳಲ್ಲಿ ಪಿಟೀಲಿನ ನಾದ ಹಿಂದಿನ ಸಾಲಿಗೆ ತಲುಪುವುದಿಲ್ಲವೆಂಬ ಕಾರಣಕ್ಕೆ ಏಳು ತಂತಿಯ ಪಿಟೀಲನ್ನು ರೂಪಿಸಿದವರು ಅವರು. ಕೋಟೆ ಹೈಸ್ಕೂಲಿನಲ್ಲಿ ಮೈಕು ಇತ್ತು. ಆದರೂ ಆ ಪಿಟೀಲಿನ ತುಂಬುನಾದವು ಬೇರೆ ಯಾವ ಪಿಟೀಲಿನಂತೆಯೂ ಇರಲಿಲ್ಲವೆಂದು ಅಮ್ಮ ಹೇಳುತ್ತಾರೆ, ಮತ್ತು ಅದನ್ನು ವಿವರಿಸಲು ಪದ ಸಾಲದೆ ಎರಡೂ ಕೈಗಳನ್ನು ಅಗಲಿಸಿ ತೋರಿಸುತ್ತಾರೆ. ಇದಕ್ಕೆ ಪೂರ್ತಿ ವಿರುದ್ಧವಾದದ್ದು ದೊರೆಸ್ವಾಮಿ ಅಯ್ಯಂಗಾರರ ವೀಣೆ. ಮೈಸೂರು ಬಾನಿಯಲ್ಲಿ, ಅಂದರೆ ಅಲ್ಲಿನ ವೀಣಾವಾದನದ ಶೈಲಿಯಲ್ಲಿ, ಮೀಟು ಬಿಡಿಬಿಡಿಯಾಗಿ ಕೇಳಿಸಬೇಕು, ಅವಸರ ಕೂಡದು. ಅಷ್ಟು ಮೆಲುವಾದ ವಾದ್ಯವನ್ನು ಅಷ್ಟು ದೊಡ್ಡ ಚಪ್ಪರದಲ್ಲಿ ನುಡಿಸುವಾಗ ಜನರು ತಾವಾಗಿಯೇ ಸದ್ದಡಗಿಸಿ ಕೂರುತ್ತಿದ್ದರು; ಅತ್ತೆ ಕೈಬಳೆಗಳನ್ನು ಮೇಲಕ್ಕೆ ಸರಿಸಿ ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದರಂತೆ. ತಾಳ ಹಾಕುವಾಗ ಬಳೆ ಸದ್ದಾಗಬಾರದಲ್ಲ. ನಮ್ಮ ಊರ ಕಡೆಯವರು ನುಡಿಸುತ್ತಿದ್ದಾರೆಂಬ ಹೆಮ್ಮೆಯೂ ಆ ಎಚ್ಚರದಲ್ಲಿ ಸೇರಿದ್ದಿರಬೇಕು. ಶ್ರೀಕಂಠನ್ ಅವರ ಗಾಯನದಲ್ಲಿ ಅಮ್ಮನಿಗೆ ಹಿಡಿಸಿದ್ದು ಸಾಹಿತ್ಯದ ಸ್ಪಷ್ಟತೆ. ಪದವನ್ನು ಒಡೆಯದೆ, ನುಂಗದೆ ಹಾಡುವ ಅವರಿಂದಾಗಿ ದೇವರನಾಮಗಳಿರಲಿ, ತೆಲುಗು ಕೃತಿಗಳ ಮಾತುಗಳೂ ತಮಗೆ ಬಾಯಿಪಾಠವಾದವೆಂದು ಅವರು ಹೇಳುತ್ತಾರೆ.

ಚಪ್ಪರದ ಹೊರಗಿನವರ ಬಗ್ಗೆ ಹೇಳದಿದ್ದರೆ ಈ ಮಾತು ಅಪೂರ್ಣ. ಎಂ.ಎಸ್. ಹಾಡುವ ಸಂಜೆ ಒಳಗೆ ಜಾಗ ಸಿಗದವರು ರಸ್ತೆಯ ಉದ್ದಕ್ಕೂ ಕೂರುತ್ತಿದ್ದರು. ಜಟಕಾದವರು ಗಾಡಿ ನಿಲ್ಲಿಸಿ, ಮಾರುಕಟ್ಟೆಯ ಕೂಲಿಯವರು ತಲೆಯ ಮೇಲಿನ ಸಿಂಬೆಯನ್ನೇ ಕೂರುವ ಮಣೆ ಮಾಡಿಕೊಂಡು, ಗೋಡೆಯಾಚೆಯ ಧ್ವನಿವರ್ಧಕದಿಂದ ಬರುತ್ತಿದ್ದ ಹಾಡನ್ನು ಕೊನೆಯವರೆಗೆ ಕೇಳುತ್ತಿದ್ದುದನ್ನು ಅಮ್ಮ ಕಂಡಿದ್ದಾರೆ. ಒಂದು ವರ್ಷ ತಡವಾಗಿ ಹೋದ ಅತ್ತೆ ಮತ್ತು ಅಮ್ಮ ಆ ಗುಂಪಿನ ನಡುವೆಯೇ ಚಾಪೆ ಹಾಸಿಕೊಂಡು ಕೂರಬೇಕಾಯಿತು. ಪಕ್ಕದಲ್ಲಿದ್ದ, ಓದು ಬರಹ ಬಾರದ ಹಣ್ಣಿನ ವ್ಯಾಪಾರದ ಹೆಂಗಸೊಬ್ಬಳು ಹಿಂದಿನ ವರ್ಷ ಇದೇ ಹಾಡನ್ನು ಅವರು ಹೇಗೆ ಮುಗಿಸಿದರೆಂಬುದನ್ನು ನೆನಪಿಟ್ಟುಕೊಂಡು ಹೇಳಿದಳಂತೆ. ಶಾಸ್ತ್ರೀಯ ಸಂಗೀತವು ಕೆಲವೇ ಜನರ ಸ್ವತ್ತೆಂಬ ಮಾತನ್ನು ಯಾರಾದರೂ ಹೇಳಿದಾಗ ನನಗೆ ಆ ಹೆಂಗಸು ನೆನಪಾಗುತ್ತಾಳೆ. ಆ ಮಾತಿನಲ್ಲಿ ಸತ್ಯವಿಲ್ಲವೆಂದು ನಾನು ಹೇಳಲಾರೆ; ಒಳಗಿನ ಕುರ್ಚಿಗಳಲ್ಲಿ ಕೂತವರು ಯಾರೆಂಬುದು ಎಲ್ಲರಿಗೂ ಗೊತ್ತು. ಆದರೆ ಗೋಡೆಯ ಹೊರಗೆ ಮೈಕು ಕಟ್ಟಿದವರು ತಿಳಿದೋ ತಿಳಿಯದೆಯೋ ಆ ಗೋಡೆಯನ್ನು ಸ್ವಲ್ಪ ತಗ್ಗಿಸಿದರು.

ಏಪ್ರಿಲ್ ತಿಂಗಳ ಸಂಜೆಗಳೆಂದ ಮೇಲೆ ಗುಡುಗು ಮಳೆ ತಪ್ಪಿದ್ದಲ್ಲ. ಮಳೆ ಬಿದ್ದು ಚಪ್ಪರ ಸೋರಿ, ವಿದ್ಯುತ್ ಹೋಗಿ, ಪೆಟ್ರೋಮ್ಯಾಕ್ಸ್ ದೀಪ ಹಚ್ಚುವವರೆಗೆ ಕತ್ತಲಲ್ಲೇ ಹಾಡು ಮುಂದುವರಿದ ಸಂಜೆಗಳುಂಟು. ಸುತ್ತಲಿನ ಬೆಂಗಳೂರಿನವರು ಮಳೆಯನ್ನು ಶಪಿಸುತ್ತಿದ್ದರೆ, ಕಛೇರಿಗೆಂದು ಬಂದಿದ್ದ ಸಕಲೇಶಪುರ, ಮೂಡಿಗೆರೆ ಕಡೆಯ ತೋಟದವರು ಊರಲ್ಲೂ ಮಳೆಯಾಗಿದ್ದರೆ ಕಾಫಿ ಹೂವಿಗೆ ಒಳ್ಳೆಯದೆಂದು ಒಳಗೊಳಗೇ ಹಿಗ್ಗುತ್ತಿದ್ದರು.

ತಾರೀಖುಗಳ ವಿಷಯದಲ್ಲಿ ಅಮ್ಮನ ನೆನಪನ್ನು ನಾನು ನೇರವಾಗಿ ಸ್ವೀಕರಿಸಲಾರೆ. ಯಾವ ಕಛೇರಿ ಯಾವ ವರ್ಷದ್ದೆಂಬುದು ಅವರಲ್ಲಿ ಬೆರೆತುಹೋಗಿದೆ. ಆದರೆ ಅವರು ಯಾರನ್ನು ಕೇಳಿದ್ದರೆಂಬುದರಿಂದ ಕಾಲವನ್ನು ಕಟ್ಟಬಹುದು. ಗಾಯಕ ಜಿ.ಎನ್. ಬಾಲಸುಬ್ರಹ್ಮಣ್ಯಂ 1965ರಲ್ಲಿ ತೀರಿಕೊಂಡರು. ಚೌಡಯ್ಯನವರು ಮತ್ತು ಗಾಯಕ ಅರಿಯಕುಡಿ ರಾಮಾನುಜ ಅಯ್ಯಂಗಾರರು 1967ರ ಜನವರಿಯಲ್ಲಿ, ನಾಲ್ಕೈದು ದಿನಗಳ ಅಂತರದಲ್ಲಿ ಹೋದರು. ಗಾಯಕ ಮಧುರೆ ಮಣಿ ಅಯ್ಯರ್ 1968ರಲ್ಲಿ. ನಾಲ್ಕು ವರ್ಷಗಳೊಳಗೆ ಇಷ್ಟು ಜನ. ಇವರಲ್ಲಿ ಕೆಲವರನ್ನಾದರೂ ಎದುರಿಗೆ ಕೂತು ಕೇಳಿದ ಕೊನೆಯ ಹುಡುಗಿಯರ ಗುಂಪಿನಲ್ಲಿ ನನ್ನ ತಾಯಿ ಇದ್ದರು. ಇಂದಿನ ಕಛೇರಿ ಪದ್ಧತಿ, ಅಂದರೆ ವರ್ಣದಿಂದ ಆರಂಭಿಸಿ, ಚುರುಕಾದ ಕೃತಿಗಳನ್ನು ಹಾಡಿ, ನಡುವೆ ವಿಸ್ತಾರವಾದ ಭಾಗವನ್ನಿಟ್ಟು, ಕೊನೆಗೆ ದೇವರನಾಮ, ಜಾವಳಿ, ತಿಲ್ಲಾನಗಳಿಗೆ ಬರುವ ಕ್ರಮವನ್ನು ಬಳಕೆಗೆ ತಂದವರೆಂದು ಅರಿಯಕುಡಿಯವರನ್ನು ನಾವು ನೆನೆಯುತ್ತೇವೆ. ಅಮ್ಮ ಅದನ್ನು ಪುಸ್ತಕದಿಂದ ತಿಳಿಯಲಿಲ್ಲ; ಸಂಜೆಯಿಂದ ಸಂಜೆಗೆ ಅದೇ ಕ್ರಮ ಬರುವುದನ್ನು ಕಂಡು ಮುಂದೇನು ಬರುತ್ತದೆಂದು ನಿರೀಕ್ಷಿಸಲು ಕಲಿತರು.

ಹಿಂದೂಸ್ತಾನಿ ಸಂಗೀತವನ್ನು ಅವರು ಮೊದಲು ಕೇಳಿದ್ದೂ ಅದೇ ಚಪ್ಪರದಲ್ಲಿ. ಭೀಮಸೇನ ಜೋಶಿಯವರು ಒಂದೇ ರಾಗವನ್ನು ಅಷ್ಟು ಹೊತ್ತು ಹಾಡಿದಾಗ ಅತ್ತೆಗೆ ಸಹನೆ ಸಾಲಲಿಲ್ಲ, ಅಮ್ಮನಿಗೆ ಮಾತ್ರ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಅತ್ತೆ ಸೊಸೆಯರು ರುಚಿಯಲ್ಲಿ ಬೇರೆಯಾದದ್ದು ಅಂದೇ.

ಮದುವೆಯ ನಂತರ ಅಮ್ಮ ಸಕಲೇಶಪುರದ ಕಡೆಯ ದೊಡ್ಡ ಮನೆಯೊಂದಕ್ಕೆ ಬಂದರು. ರಾಮನವಮಿ ಬಂದರೆ ಅಲ್ಲಿ ಮನೆ ತುಂಬ ನೆಂಟರು, ಪಾನಕ, ಅಡುಗೆ. ಬೆಂಗಳೂರಿನ ಮಾತೇ ಇಲ್ಲ. ಬಹಳ ವರ್ಷಗಳವರೆಗೆ ಅವರು ಮತ್ತೆ ಆ ಮೈದಾನವನ್ನು ನೋಡಲಿಲ್ಲ. ಅದನ್ನು ಅವರು ದೂರಿನಂತೆ ಹೇಳಿದ್ದನ್ನು ನಾನು ಕೇಳಿಲ್ಲ, ಆದರೆ ಆ ನಷ್ಟ ದೊಡ್ಡದೆಂಬುದು ನನಗೆ ಗೊತ್ತು. ಉಳಿದದ್ದು ರೇಡಿಯೊ. ಹಗಲು ಬೆಂಗಳೂರು ಕೇಂದ್ರ ಗೊರಗೊರ ಎನ್ನುತ್ತಿತ್ತು. ಮಧ್ಯಮ ತರಂಗಗಳು ರಾತ್ರಿಯ ಹೊತ್ತು ಹೆಚ್ಚು ದೂರ ಸಾಗುವುದರಿಂದ ಕತ್ತಲಾದ ಮೇಲೆ ಸ್ಪಷ್ಟವಾಗುತ್ತಿತ್ತು. ಶನಿವಾರ ರಾತ್ರಿ ಒಂಬತ್ತೂವರೆಯ ರಾಷ್ಟ್ರೀಯ ಕಾರ್ಯಕ್ರಮದ ಹೊತ್ತಿಗೆ ಊಟದ ಎಲೆಗಳನ್ನು ತೆಗೆದು, ಒಲೆ ಸಾರಿಸಿ, ಅಡುಗೆಮನೆಯ ಬಾಗಿಲಲ್ಲಿ ಕೂತು ಕೇಳುತ್ತಿದ್ದ ಅಮ್ಮನನ್ನು ನಾನು ಕಂಡಿದ್ದೇನೆ. ಘೋಷಕರು ರಾಗದ ಹೆಸರನ್ನು ಮೊದಲೇ ಹೇಳಿಬಿಟ್ಟರೆ ಅವರಿಗೆ ಬೇಸರವಾಗುತ್ತಿತ್ತು. ನಮಗೆ, ಮಕ್ಕಳಿಗೆ, ಅತ್ತೆಯ ಅದೇ ನಿಯಮವನ್ನು ಅವರು ಕಲಿಸಿದರು: ಪಲ್ಲವಿ ಬರುವವರೆಗೆ ಬಾಯಿ ಬಿಡಬಾರದು. ಮನೆಯಲ್ಲಿ ಗುರುವಿಲ್ಲ, ವಾದ್ಯವಿಲ್ಲ, ಹತ್ತಿರದಲ್ಲಿ ಸಭೆಯಿಲ್ಲ. ಆದರೂ ನಾವು ಕೇಳುಗರಾದೆವು.

ಈ ಶತಮಾನದ ಆರಂಭದಿಂದ ಗಾಯಕ ಆರ್.ಕೆ. ಪದ್ಮನಾಭ ಅವರ ಮುತುವರ್ಜಿಯಿಂದ ರುದ್ರಪಟ್ಟಣದಲ್ಲೇ ಸಂಗೀತೋತ್ಸವ ನಡೆಯುತ್ತಿರುವುದನ್ನು ತಾವೆಲ್ಲ ಬಲ್ಲಿರಿ. ತಂಬೂರಿಯ ಆಕಾರದಲ್ಲಿ ಅಲ್ಲಿ ಮಂದಿರವನ್ನೂ ಕಟ್ಟಿಸಿದ್ದಾರೆ. ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ತವರಿನ ಪಕ್ಕದ ಊರಿನಲ್ಲಿ, ಕಾವೇರಿಯ ದಡದಲ್ಲಿ, ಮೊದಲಿನಿಂದ ಕೊನೆಯವರೆಗೆ ತಾಳ ಹಾಕುತ್ತ ಕೂತಿದ್ದರು. ಹಿಂದಿರುಗುವಾಗ ಅವರು ಗಮನಿಸಿದ್ದಾಗಿ ಹೇಳಿದ್ದು ಹಾಡಿದವರ ಬಗ್ಗೆಯಲ್ಲ. ಮುಂದೆ ಕೂತಿದ್ದ ಹುಡುಗರು ಹುಡುಗಿಯರು ಆಲಾಪನೆ ಶುರುವಾದ ಕೂಡಲೇ ಮೊಬೈಲ್ ತೆಗೆದು ರೆಕಾರ್ಡ್ ಮಾಡಿಕೊಳ್ಳುತ್ತಿದ್ದುದನ್ನು ನೋಡಿ, "ಮನೇಲಿ ಮತ್ತೆ ಕೇಳ್ಬಹುದು ಅನ್ನೋ ಧೈರ್ಯ ಇದ್ರೆ ಇಲ್ಲಿ ಅಷ್ಟು ಗಟ್ಟಿಯಾಗಿ ಕೇಳಲ್ಲ, ಅಲ್ವೇನೆ?" ಎಂದು ನನ್ನನ್ನು ಕೇಳಿದರು. ನಾನು ಇದಕ್ಕೆ ಪೂರ್ತಿ ಒಪ್ಪಲಿಲ್ಲ. ಮತ್ತೆ ಮತ್ತೆ ಕೇಳುವ ಅವಕಾಶ ಅವರಿಗೆ ಚಪ್ಪರದಲ್ಲಿ ಸಿಕ್ಕಂತೆ ಈ ಮಕ್ಕಳಿಗೆ ಫೋನಿನಲ್ಲಿ ಸಿಗುತ್ತಿದೆ. ಅದನ್ನು ಬಳಸಿಕೊಳ್ಳುವವರಿಗೆ ಅದು ವರವೇ. ಆದರೆ ಪಕ್ಕದಲ್ಲಿ ಕೂತು, ತಪ್ಪು ಊಹೆ ಮಾಡಿದಾಗ ಮನೆಯ ದಾರಿಯಲ್ಲಿ ಅದನ್ನು ಬಿಡಿಸಿ ಹೇಳುವ ಅತ್ತೆ ಫೋನಿನಲ್ಲಿಲ್ಲವೆಂಬುದನ್ನು ಅಮ್ಮನ ಪರವಾಗಿ ಒಪ್ಪಿಕೊಂಡೆ.

ಕೊನೆಯದಾಗಿ ಒಂದು ಕೋರಿಕೆ. ಹಾಸನ, ಅರಕಲಗೂಡು, ಹೊಳೆನರಸೀಪುರ, ಬೇಲೂರು, ಸಕಲೇಶಪುರ ಕಡೆಯಿಂದ ಆ ದಿನಗಳಲ್ಲಿ ಕೋಟೆ ಹೈಸ್ಕೂಲ್ ಮೈದಾನಕ್ಕೆ ಹೋಗಿ ಬಂದವರು ನಿಮ್ಮ ಮನೆಗಳಲ್ಲಿ ಈಗಲೂ ಇದ್ದಾರೆ. ಹಾಡಿದವರ ಹೆಸರುಗಳು ಬೇರೆ ಕಡೆ ದಾಖಲಾಗಿವೆ, ಅವನ್ನು ಕೇಳಬೇಕಾಗಿಲ್ಲ. ಯಾವ ಗಾಡಿಯಲ್ಲಿ ಹೋದಿರಿ, ಯಾರ ಮನೆಯಲ್ಲಿ ಇಳಿದುಕೊಂಡಿರಿ, ಒಳಗೆ ಕೂತಿದ್ದಿರೋ ಹೊರಗೋ, ಮೊದಲು ಗುರುತು ಹಿಡಿದ ರಾಗ ಯಾವುದು, ಅದನ್ನು ಹೇಳಿಕೊಟ್ಟವರು ಯಾರು ಎಂಬುದನ್ನು ಕೇಳಿ ಬರೆದುಕೊಳ್ಳಿ. ನಾನು ಅಮ್ಮನಿಂದ ಬರೆದುಕೊಂಡದ್ದನ್ನೂ, ಅವರು ಪೆನ್ಸಿಲಿನಲ್ಲಿ ರಾಗಗಳ ಹೆಸರು ಗೀಚಿಟ್ಟಿರುವ ಕೆಲವು ಹಳೆಯ ಆಹ್ವಾನ ಪತ್ರಿಕೆಗಳನ್ನೂ ಇಲ್ಲಿಗೆ ತಂದಿದ್ದೇನೆ. ಸಭೆ ಮುಗಿದ ಮೇಲೆ ಮೇಜಿನ ಮೇಲೆ ಇಟ್ಟಿರುತ್ತೇನೆ. ನೋಡಬೇಕೆನ್ನುವವರು ನೋಡಬಹುದು, ನಕಲು ಬೇಕಾದವರಿಗೆ ಮಾಡಿಸಿಕೊಡುತ್ತೇನೆ.